ಊಟಕ್ಕೆ ಕರೆದರೆ ಏಳದ ಮಕ್ಕಳ ಅಪ್ಪ-ಅಮ್ಮಂದಿರಿಗೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ಎಲ್ಲ ತಂದೆ-ತಾಯಂದಿರಿಗೆ, ಮೊಮ್ಮಕ್ಕಳನ್ನು ಸಾಕುತ್ತಿರುವ ಅಜ್ಜಿ-ತಾತಂದಿರಿಗೆ,



ರಾತ್ರಿ ಎಂಟೂವರೆ. ಮುದ್ದೆ ಕಟ್ಟಿ ತಟ್ಟೆಗೆ ಇಟ್ಟಾಗಿದೆ, ಬಸ್ಸಾರು ಬಿಸಿಯಿದೆ. ಒಳಗಿನಿಂದ ಅವ್ವ ಕರೆಯುತ್ತಾಳೆ. ನಡುಮನೆಯ ಮೂಲೆಯಲ್ಲಿ ಫೋನು ಹಿಡಿದು ಕೂತ ಹುಡುಗ ತಲೆ ಎತ್ತದೆ "ಒಂದ್ ನಿಮ್ಸ ಇರವ್ವ" ಅನ್ನುತ್ತಾನೆ. ಹತ್ತು ನಿಮಿಷ ಕಳೆಯುತ್ತದೆ. ಎರಡನೇ ಕೂಗಿಗೆ ಉತ್ತರವೇ ಇಲ್ಲ. ಮೂರನೇ ಕೂಗಿಗೆ ಅಪ್ಪನ ದನಿ ಏರುತ್ತದೆ, ಅಷ್ಟರಲ್ಲಿ ಮುದ್ದೆ ಆರಿರುತ್ತದೆ.

ಈ ಜಗಳ ನಿಮ್ಮ ಮನೆಯಲ್ಲೂ ನಡೆದಿರುತ್ತದೆ. ನಮ್ಮ ಮನೆಯಲ್ಲಿ ಅದು ಒಂದು ರಾತ್ರಿ ಮಿತಿ ಮೀರಿತು. ಒಂಬತ್ತನೇ ಕ್ಲಾಸಿನಲ್ಲಿರುವ ಮಗನ ಕೈಯಿಂದ ಫೋನು ಕಿತ್ತುಕೊಂಡು ಅಟ್ಟದ ಮೇಲೆ ಎಸೆದೆ. ಅವನು ಕೂಗಾಡಲಿಲ್ಲ. ಗೋಡೆ ಕಡೆ ತಿರುಗಿ ಅತ್ತ. ನಾಲ್ಕು ದಿನ ನನ್ನೊಂದಿಗೆ ಮಾತಾಡಲಿಲ್ಲ. ಐದನೇ ದಿನ ಅವರವ್ವನ ಹತ್ತಿರ ಹೇಳಿದನಂತೆ: "ಮೂರ್ ಜನಾನೂ ನನ್ನಿಂದ ಸೋತ್ರು ಕಣವ್ವ."

ಆ ಮೂವರು ಯಾರು ಎಂದು ಆಮೇಲೆ ಕೇಳಿ ತಿಳಿದುಕೊಂಡೆ. ಒಬ್ಬ ನಾಗಮಂಗಲ ತಾಲ್ಲೂಕಿನ ಬೆಳ್ಳೂರು ಕಡೆಯವನು, ಒಬ್ಬ ಕಿಕ್ಕೇರಿಯವನು, ಇನ್ನೊಬ್ಬ ಶ್ರೀರಂಗಪಟ್ಟಣದ ಗಂಜಾಮಿನವನು. ನನ್ನ ಮಗನೂ ಸೇರಿ ನಾಲ್ವರೂ ಎಂಟನೇ ಕ್ಲಾಸಿನವರೆಗೆ ಒಂದೇ ವಸತಿ ಶಾಲೆಯಲ್ಲಿ ಒಂದೇ ಕೋಣೆಯಲ್ಲಿ ಇದ್ದವರು. ಈಗ ಒಬ್ಬೊಬ್ಬರು ಒಂದೊಂದು ಊರು. ರಾತ್ರಿಯ ಆ ಅರ್ಧ ಗಂಟೆಯಲ್ಲಿ, ಬಿಜಿಎಂಐ ಎಂಬ ಆಟದೊಳಗೆ, ಅವರು ಒಂದಾಗುತ್ತಾರೆ. ನಾಲ್ಕು ಜನರ ಗುಂಪಿಗೆ ಅವರು 'ಸ್ಕ್ವಾಡ್' ಅನ್ನುತ್ತಾರೆ. ಒಬ್ಬ ನಡುವೆ ಎದ್ದುಹೋದರೆ ಉಳಿದ ಮೂವರು ಕೆಡುತ್ತಾರೆ. ಅವ್ವನ ಮಾತು ಮೀರಬೇಕೆಂದು ನನ್ನ ಮಗ ಕೂತಿರಲಿಲ್ಲ, ಗೆಳೆಯರನ್ನು ಬಿಟ್ಟು ಏಳಲಾರದೆ ಕೂತಿದ್ದ. ಆರು ವರ್ಷ ಬೆಂಗಳೂರಿನ ಒಂದು ಕಂಪನಿಯಲ್ಲಿ ಗೇಮ್ ಟೆಸ್ಟರ್ ಆಗಿ ಕೆಲಸ ಮಾಡಿ, ಈಗ ಚಿನಕುರಳಿ ಹತ್ತಿರ ಕಬ್ಬು ಬೆಳೆಯುತ್ತಿರುವ ನನಗೆ ಇದು ಗೊತ್ತಿರಬೇಕಿತ್ತು. ಗೊತ್ತಿದ್ದೂ ಕಿತ್ತುಕೊಂಡೆ. ಆ ನೋವಿನಿಂದಲೇ ಈ ಪತ್ರ ಬರೆಯುತ್ತಿದ್ದೇನೆ.

ನಿಮ್ಮಲ್ಲಿ ನನ್ನ ಮೊದಲ ಬಿನ್ನಹ ಇದು. 'ಫೋನಿನ ಆಟ' ಎಂದು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ಹೊಡೆದಾಡುವ ಆಟಗಳಲ್ಲೇ ಎರಡು ಜಾತಿಗಳಿವೆ. ಒಂದು ರಿಯಲ್ ಟೈಮ್ ಆಟ. ಅದರಲ್ಲಿ ಗಡಿಯಾರ ನಿಲ್ಲುವುದಿಲ್ಲ. ನೀವು ಕಣ್ಣು ಮಿಟುಕಿಸಿದರೂ ಎದುರಾಳಿ ಓಡುತ್ತಿರುತ್ತಾನೆ, ಗುಂಡು ಹಾರುತ್ತಿರುತ್ತದೆ. ಇನ್ನೊಂದು ಟರ್ನ್ ಬೇಸ್ಡ್ ಆಟ. ಅದರಲ್ಲಿ ನಿಮ್ಮ ಸರದಿ ಮುಗಿಯುವವರೆಗೆ ಎದುರಾಳಿ ಕಾಯುತ್ತಾನೆ, ಅವನ ಸರದಿಯಲ್ಲಿ ನೀವು ಕಾಯುತ್ತೀರಿ. ನಾನು ಮನೆಯಲ್ಲಿ ಇವಕ್ಕೆ ನಿಲ್ಲದ ಆಟ, ಪಾಳಿ ಆಟ ಎಂದು ಹೆಸರಿಟ್ಟಿದ್ದೇನೆ.

ಪಾಳಿ ಎಂದರೇನೆಂದು ನಮ್ಮ ನಾಲ್ಕು ತಾಲ್ಲೂಕಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಬೆಳೆದವರು ಕಟ್ಟು ನೀರು ಕಂಡವರು. ಇಷ್ಟು ದಿನ ನೀರು, ಇಷ್ಟು ದಿನ ಬಿಡುವು. ನಾಗಮಂಗಲದ ಕಡೆ ಬೋರ್‌ವೆಲ್ ನಂಬಿದವರಿಗೆ ತ್ರೀಫೇಸ್ ಕರೆಂಟಿನ ಪಾಳಿ ಗೊತ್ತು. ನಮ್ಮ ಪಾಳಿ ಬಂದಾಗ ಯಾವ ಮಡೆಗೆ ಎಷ್ಟು ಹರಿಸಬೇಕೆಂದು ಹಿಂದಿನ ದಿನವೇ ಲೆಕ್ಕ ಹಾಕಿ ಕೂರುತ್ತೇವಲ್ಲ, ಅದೇ ಪಾಳಿ ಆಟದ ಜೀವಾಳ.

ನನ್ನಜ್ಜಿ ಈ ಆಟದಲ್ಲಿ ಗಟ್ಟಿಗಿತ್ತಿ. ಜಗಲಿಯ ಮೇಲೆ ಬಳಪದಲ್ಲಿ ಐದೈದು ಮನೆಯ ಚೌಕಾಬಾರ ಬರೆದು, ನಾಲ್ಕು ಕವಡೆ ಕೈಯಲ್ಲಿ ಗಿಲಕಿಸಿ ಬಿಡುತ್ತಿದ್ದಳು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಬಳೆ ಚೂರು, ಹುಣಸೆ ಬೀಜಗಳೇ ಕಾಯಿ. ಎದುರಾಳಿಯ ಒಂದಾದರೂ ಕಾಯಿ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಹಾಗೆ ನೋಡಿದರೆ ಚೌಕಾಬಾರವೂ ಯುದ್ಧವೇ. ಕಡಿಸಿಕೊಂಡ ಕಾಯಿ ಮತ್ತೆ ಮೊದಲ ಮನೆಯಿಂದ ನಡೆಯಬೇಕು, ಆ ಹೊಟ್ಟೆಯುರಿ ಈಗಿನ ಹುಡುಗರು 'ನಾಕ್ ಆದೆ' (ಏಟು ತಿಂದು ಬಿದ್ದೆ) ಎಂದು ಕೂಗುವಾಗಿನದಕ್ಕಿಂತ ಕಡಿಮೆಯದಲ್ಲ. ಆದರೆ ಹಸುವಿನ ಹಾಲು ಕರೆಯುವ ಹೊತ್ತಾದರೆ ಅಜ್ಜಿ ಎದ್ದು ಹೋಗುತ್ತಿದ್ದಳು. ಕಾಯಿಗಳು ಇದ್ದ ಮನೆಯಲ್ಲೇ ಇರುತ್ತಿದ್ದವು. ಕರೆದು, ಕರುವಿಗೆ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಬಂದು ಕೇಳುತ್ತಿದ್ದಳು: "ಈಗ ಯಾರಾಟ?"

ಆ ಒಂದು ಪ್ರಶ್ನೆಗೆ ನಿಲ್ಲದ ಆಟದಲ್ಲಿ ಜಾಗವಿಲ್ಲ. ಬಿಜಿಎಂಐನಲ್ಲಿ ಸುಮಾರು 100 ಜನ ಒಂದೇ ದ್ವೀಪಕ್ಕೆ ಇಳಿಯುತ್ತಾರೆ. ಆಡುವ ಜಾಗದ ವೃತ್ತ ಕಿರಿದಾಗುತ್ತಾ ಹೋಗುತ್ತದೆ, ಹೊರಗುಳಿದವನ ಜೀವ ಸೋರುತ್ತದೆ. ಕೊನೆಗೆ ಒಂದೇ ಗುಂಪು ಉಳಿಯಬೇಕು. ಅರ್ಧ ಗಂಟೆಯ ಆಟದಲ್ಲಿ ಕೊನೆಯ ಐದು ನಿಮಿಷಕ್ಕೆ ಬಿಗಿ ಹೆಚ್ಚು, ನಾವು ಊಟಕ್ಕೆ ಕರೆಯುವುದು ಬಹಳ ಸಲ ಆ ಐದು ನಿಮಿಷದಲ್ಲೇ. ನಾನು ಕೆಲಸ ಮಾಡಿದಲ್ಲಿ ಇಂಥ ಆಟಗಳನ್ನು ಪರೀಕ್ಷಿಸುವಾಗ ಒಂದು ಪಂದ್ಯ ಮುಗಿದು ಇನ್ನೊಂದು ಶುರುವಾಗುವ ನಡುವೆ ಆಟಗಾರ ಎಷ್ಟು ಹೊತ್ತು ಸುಮ್ಮನಿರುತ್ತಾನೆ ಎಂದು ಸೆಕೆಂಡಿನ ಲೆಕ್ಕದಲ್ಲಿ ಬರೆದುಕೊಡಬೇಕಿತ್ತು. ಆ ಬಿಡುವು ಕಡಿಮೆಯಾದಷ್ಟೂ ಒಳ್ಳೆಯದು ಎಂದೇ ನಮಗೆ ಹೇಳಿದ್ದರು. ಬಿಡುವಿನಲ್ಲಿ ಮನುಷ್ಯ ಯೋಚಿಸುತ್ತಾನೆ, ಯೋಚಿಸಿದರೆ ಎದ್ದು ಹೋಗುತ್ತಾನೆ. ಮಗ ಏಳುವುದಿಲ್ಲ ಎಂದು ನೀವು ಬೈಯುವಾಗ, ಅವನು ಏಳದಂತೆ ನೋಡಿಕೊಳ್ಳಲು ಸಂಬಳ ಪಡೆದವರಿದ್ದಾರೆ ಎಂಬುದು ನಿಮಗೆ ತಿಳಿದಿರಲಿ. ನಾನೂ ಅವರಲ್ಲೊಬ್ಬನಾಗಿದ್ದೆ.

ಹಾಗೆಂದು ನಿಲ್ಲದ ಆಟವನ್ನು ಹಳಿಯಲು ನಾನು ಈ ಪತ್ರ ಬರೆಯುತ್ತಿಲ್ಲ. ಕಬಡ್ಡಿ ನಿಲ್ಲದ ಆಟವಲ್ಲವೇ? ರೈಡಿಗೆ ಹೋದವನು 30 ಸೆಕೆಂಡಿನಲ್ಲಿ ಮುಟ್ಟಿ ಗೆರೆಗೆ ಬರಬೇಕು, ಅಲ್ಲಿ ಯೋಚನೆಗೆ ಹೊತ್ತಿಲ್ಲ, ಮೈಯೇ ಯೋಚಿಸಬೇಕು. ನಮ್ಮೂರ ಹುಡುಗರ ಕಬಡ್ಡಿ ನೋಡಿ ಎದೆಯುಬ್ಬಿಸುವ ನಾವು, ಅದೇ ಚುರುಕನ್ನು ಬೆರಳಿನಲ್ಲಿ ತೋರಿಸಿದರೆ ಹಾಳಾದ ಎನ್ನುವುದು ನ್ಯಾಯವಲ್ಲ. 2003ರಲ್ಲಿ ಶಾನ್ ಗ್ರೀನ್ ಮತ್ತು ಡ್ಯಾಫ್ನೆ ಬಾವೆಲಿಯೆ ಎಂಬ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ, ಇಂಥ ವೇಗದ ಆಟ ಆಡುವವರ ಕಣ್ಣಿನ ಗಮನಶಕ್ತಿ ಹೆಚ್ಚುತ್ತದೆ ಎಂದು ತೋರಿಸಿದ್ದರು. ಆ ಆಟಕ್ಕೂ ಅದರದೇ ಗುಣವಿದೆ. ನನ್ನ ಆತಂಕ ಬೇರೆ. ನಮ್ಮ ಮಕ್ಕಳಿಗೆ ಅದೊಂದೇ ಆಟ ಗೊತ್ತಾಗಿಬಿಟ್ಟಿದೆ. ನಿಂತು ಲೆಕ್ಕ ಹಾಕುವ, ಎದುರಿನವನ ಪಾಳಿಯಲ್ಲಿ ಸುಮ್ಮನೆ ಕಾಯುವ ಆಟದ ರುಚಿಯೇ ಅವರಿಗೆ ಸಿಕ್ಕಿಲ್ಲ. ಅದು ಸಿಗದಂತೆ ಮಾಡಿದವರು ನಾವು. ಜಗಲಿಯನ್ನು ಗ್ರಿಲ್ ಹಾಕಿ ಮುಚ್ಚಿದವರು ನಾವು, ಅಜ್ಜಿಯ ಕವಡೆಗಳು ಎಲ್ಲಿ ಹೋದವೆಂದು ಹುಡುಕದವರೂ ನಾವೇ.

ಈ ಎರಡೂ ಆಟ ಒಂದರೊಳಗೇ ಇರಬಹುದು ಎನ್ನುವುದಕ್ಕೆ ನಮ್ಮ ನೆಲದ್ದೇ ಉದಾಹರಣೆಯಿದೆ. 2009ರಲ್ಲಿ 'ಎಂಪೈರ್: ಟೋಟಲ್ ವಾರ್' ಎಂಬ ಕಂಪ್ಯೂಟರ್ ಆಟ ಬಂತು. 18ನೇ ಶತಮಾನದ ರಾಜ್ಯಗಳ ಆ ಆಟದಲ್ಲಿ ಮೈಸೂರೂ ಇದೆ. ಭೂಪಟದ ಮೇಲೆ ಸೈನ್ಯ ಸಾಗಿಸುವುದು, ತೆರಿಗೆ ಎತ್ತುವುದು, ಸಂಧಿ ಮಾಡುವುದು ಪಾಳಿಯ ಮೇಲೆ ನಡೆಯುತ್ತದೆ. ಎರಡು ಸೈನ್ಯ ಎದುರಾದ ಕ್ಷಣ ಆಟ ನಿಲ್ಲದ ಆಟವಾಗುತ್ತದೆ. ಅದನ್ನು ಆಡುತ್ತಾ ನನ್ನ ಮಗ ಕೇಳಿದ: "ಯಾವ್ದು ಮುಖ್ಯ ಅಪ್ಪ, ಮ್ಯಾಪಾ, ಯುದ್ಧಾನಾ?"

ನಾನು ಅವನನ್ನು ಅರಕೆರೆಗೆ ಕರೆದುಕೊಂಡು ಹೋದೆ. 1791ರ ಮೇ ತಿಂಗಳಲ್ಲಿ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಮೇಲೆ ಬಂದಾಗ ಅರಕೆರೆಯ ಬಳಿ ಟಿಪ್ಪುವಿನ ಸೈನ್ಯವನ್ನು ಹಿಮ್ಮೆಟ್ಟಿಸಿದ. ಯುದ್ಧ ಗೆದ್ದಾಗಿತ್ತು, ಕೋಟೆ ಕಣ್ಣೆದುರಿಗಿತ್ತು. ಆದರೆ ಮಳೆ ಹಿಡಿಯಿತು, ಮೇವಿಲ್ಲದೆ ಎತ್ತುಗಳು ಸತ್ತವು, ಸೈನಿಕರಿಗೆ ಊಟವಿರಲಿಲ್ಲ. ಎಳೆಯಲು ಎತ್ತಿಲ್ಲದೆ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಹಾಳುಗೆಡವಿ ಬೆಂಗಳೂರಿನ ದಾರಿ ಹಿಡಿದ. ಮರುವರ್ಷ ಮೇವು, ಧಾನ್ಯ, ಎತ್ತು ಎಲ್ಲದರ ಲೆಕ್ಕ ಸರಿಮಾಡಿಕೊಂಡು ಬಂದ. 1792ರ ಮಾರ್ಚಿನಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟು ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಗದ್ದೆ ಬದುವಿನ ಮೇಲೆ ನಿಂತು ಇಷ್ಟು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು "ಹಂಗಾರೆ ಎತ್ತು ಲೂಟ್ ಮಾಡ್ದೋನು ಗೆಲ್ತಾನೆ" ಅಂದ. (ಆಟದಲ್ಲಿ ಬೇಕಾದ ಸಾಮಾನು ಕೂಡಿಹಾಕುವುದಕ್ಕೆ ಅವರು 'ಲೂಟ್' ಅನ್ನುತ್ತಾರೆ.) ಪಾಠದ ಪುಸ್ತಕದಲ್ಲಿ ಇಸವಿ ಬಾಯಿಪಾಠ ಮಾಡಿದ್ದವನಿಗೆ ಆ ದಿನ ಯುದ್ಧ ಎಂದರೇನೆಂದು ಅರ್ಥವಾಯಿತು. ಎರಡು ಜಾತಿಯ ಆಟವನ್ನೂ ಬಲ್ಲ ಮಗುವಿಗೆ ಮಾತ್ರ ಆ ಮಾತು ಬಂದೀತು.

ಇನ್ನೊಬ್ಬರ ಹೆಸರನ್ನೂ ನಿಮ್ಮ ಮಕ್ಕಳಿಗೆ ಹೇಳಿ. 1794ರಲ್ಲಿ ಶ್ರೀರಂಗಪಟ್ಟಣದಲ್ಲಿ ಒಂದು ಮಗು ಹುಟ್ಟಿತು. 1799ರ ಮೇ 4ರಂದು ಕೋಟೆ ಬಿದ್ದಾಗ ಅದಕ್ಕಿನ್ನೂ ಐದು ತುಂಬಿರಲಿಲ್ಲ. ಅದೇ ವರ್ಷ ಪಟ್ಟಕ್ಕೆ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಆಡಳಿತ ಕೈಗೆ ತೆಗೆದುಕೊಂಡ ಮೇಲೂ ಅವರು ಸುಮ್ಮನೆ ಕೂರಲಿಲ್ಲ. ಚದುರಂಗದ ಕುದುರೆ 64 ಮನೆಗಳನ್ನೂ, ಒಂದನ್ನೂ ಎರಡು ಸಲ ತುಳಿಯದೆ, ಸುತ್ತಿ ಬರುವ ಬಗೆಗಳನ್ನು ಬಿಡಿಸಿದರು. ಇಸ್ಪೀಟಿನಂಥ ಗಂಜೀಫಾ ಎಲೆಗಳಲ್ಲಿ ಹೊಸ ಹೊಸ ಆಟ ಕಟ್ಟಿದರು. ಅವುಗಳಲ್ಲಿ ಕೃಷ್ಣರಾಜ ಛದಕ್ಕೆ 360 ಎಲೆ. ಆ ಆಟಗಳ ವಿವರ ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಭಾಗದಲ್ಲಿದೆ, ಹಾಸುಗಳ ಚಿತ್ರಗಳು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿವೆ. ಈಗಿನ ಮಾತಿನಲ್ಲಿ ಹೇಳುವುದಾದರೆ ಅವರು ಗೇಮ್ ಡಿಸೈನರ್, ನಮ್ಮ ಶ್ರೀರಂಗಪಟ್ಟಣದಲ್ಲಿ ಹುಟ್ಟಿದವರು, ಕಟ್ಟಿದ್ದೆಲ್ಲ ಪಾಳಿ ಆಟ. ಅರಮನೆ ನೋಡಲು ಮಕ್ಕಳನ್ನು ಮೈಸೂರಿಗೆ ಕರೆದುಕೊಂಡು ಹೋಗುವವರು ಜಗನ್ಮೋಹನಕ್ಕೂ ಹೋಗಿ ಬನ್ನಿ.

ನಿಮ್ಮ ಮಗ "ಅದೆಲ್ಲ ಹಳೇದು, ಈಗ ಯಾರೂ ಆಡಲ್ಲ" ಎಂದಾನು. ಅವನಿಗೆ ಉತ್ತರ ಕೊಡಲು ನಿಮಗೆ ಇಷ್ಟು ಸಾಕು. 1998ರಲ್ಲಿ ಬಂದ 'ಬಾಲ್ಡರ್ಸ್ ಗೇಟ್' ಎಂಬ ಆಟದ ಕಾಳಗ ನಿಲ್ಲದೆ ನಡೆಯುವಂಥದು, ಬೇಕಾದಾಗ ತಡೆದು ನಿಲ್ಲಿಸಬಹುದಿತ್ತು. 25 ವರ್ಷದ ನಂತರ, 2023ರಲ್ಲಿ, ಅದರ ಮೂರನೇ ಭಾಗ ಪೂರ್ತಿ ಪಾಳಿ ಆಟವಾಗಿ ಬಂತು, ಆ ವರ್ಷದ ಅತ್ಯುತ್ತಮ ಆಟ ಎಂಬ ದೊಡ್ಡ ಪ್ರಶಸ್ತಿ ಪಡೆಯಿತು. 2025ರಲ್ಲಿ ಅದೇ ಪ್ರಶಸ್ತಿ ಫ್ರಾನ್ಸಿನ ಒಂದು ಸಣ್ಣ ತಂಡ ಮಾಡಿದ 'ಕ್ಲೇರ್ ಒಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33'ಕ್ಕೆ ಹೋಯಿತು. ಅದೂ ಪಾಳಿ ಆಟವೇ, ಎದುರಾಳಿಯ ಏಟು ಬೀಳುವಾಗ ಮಾತ್ರ ಕಣ್ಣು, ಬೆರಳು ಚುರುಕಾಗಿರಬೇಕು. (ಇವೆರಡೂ ದೊಡ್ಡವರ ಆಟ, ಹೈಸ್ಕೂಲ್ ಮಕ್ಕಳಿಗೆ ಕೊಡಬೇಡಿ.) 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ವಿಡಿಯೋ ಗೇಮ್ ಪ್ರದರ್ಶನ ಸ್ಪರ್ಧೆಯಾಗಿದ್ದಾಗ ಭಾರತದ ತೀರ್ಥ್ ಮೆಹ್ತಾ ಕಂಚು ಗೆದ್ದದ್ದು 'ಹಾರ್ತ್‌ಸ್ಟೋನ್' ಎಂಬ ಪಾಳಿ ಆಟದಲ್ಲಿ. ಇನ್ನು ಚದುರಂಗ. ನಮ್ಮ ಪಕ್ಕದ ಮೈಸೂರಿನ ಎಂ.ಎಸ್. ತೇಜ್‌ಕುಮಾರ್ 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು.

ಪಾಳಿ ಆಟವೆಲ್ಲ ಒಳ್ಳೆಯದು ಎಂದು ಮಾತ್ರ ತಿಳಿಯಬೇಡಿ. ಕುಂತಿಬೆಟ್ಟದ ನೆರಳಲ್ಲಿ ಬದುಕುವ ನಾವು, ಪಾಂಡವರು ಇಲ್ಲಿದ್ದರು ಎಂದು ಊರಿಗೇ ಅವರ ಹೆಸರಿಟ್ಟುಕೊಂಡವರು. ಅವರನ್ನು ಕಾಡಿಗಟ್ಟಿದ್ದು ಪಗಡೆ, ಅದು ಪಾಳಿ ಆಟವೇ. ಧರ್ಮರಾಯನಿಗೆ ಒಂದೊಂದು ಗರಕ್ಕೂ ನಡುವೆ ಯೋಚಿಸಲು ಹೊತ್ತಿತ್ತು, ಆದರೂ ಏಳಲಿಲ್ಲ, ಏಕೆಂದರೆ ಹಾಸಿನ ಮೇಲೆ ಪಣವಿತ್ತು. ಆನ್‌ಲೈನ್ ರಮ್ಮಿಯೂ ಪಾಳಿ ಆಟವೇ. ಅದರಲ್ಲಿ ಕಬ್ಬಿನ ದುಡ್ಡು ಕಳೆದ ಮನೆ ನನಗೆ ಗೊತ್ತು, ನಿಮಗೂ ಗೊತ್ತಿರಬಹುದು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ಹಾಗಾಗಿ ಮಗನ ಫೋನು ನೋಡುವಾಗ ಬಂದೂಕಿನ ಚಿತ್ರಕ್ಕೆ ಬೆಚ್ಚುವ ಮೊದಲು, ಅಲ್ಲಿ ಪಣಕ್ಕೆ ದುಡ್ಡು ಕಟ್ಟುವ ದಾರಿ ಇದೆಯೇ ನೋಡಿ. ಇದ್ದರೆ ಅದು ಯಾವ ಜಾತಿಯ ಆಟವಾದರೂ ಮನೆಯಲ್ಲಿ ಬೇಡ.

ಇನ್ನು ನೀವು ಮಾಡಬೇಕಾದ್ದು.

ಪಂದ್ಯದ ನಡುವೆ ಫೋನು ಕಿತ್ತುಕೊಳ್ಳಬೇಡಿ. ಊಟಕ್ಕೆ ಅರ್ಧ ಗಂಟೆ ಮೊದಲೇ ಹೋಗಿ "ಮ್ಯಾಚಲ್ಲಿದೀಯಾ, ಇನ್ನೆಷ್ಟು ಹೊತ್ತು?" ಎಂದು ಕೇಳಿ. "ಇದು ಮುಗುದ್ಮೇಲೆ ಇನ್ನೊಂದು ಬೇಡ, ಊಟ" ಎಂದು ಹೇಳಿ. ಮಗು ಆ ಮಾತಿಗೆ ಒಪ್ಪುತ್ತದೆ. ನಮ್ಮ ಮನೆಯಲ್ಲಿ ಎರಡು ವಾರ ಹಿಡಿಯಿತು, ಒಪ್ಪಿತು. ನಿಲ್ಲದ ಆಟಕ್ಕೆ ದಿನದಲ್ಲಿ ಒಂದು ಹೊತ್ತು ಗೊತ್ತು ಮಾಡಿ. ಬಿಜಿಎಂಐ 2023ರಲ್ಲಿ 18 ವರ್ಷದೊಳಗಿನವರಿಗೆ ದಿನಕ್ಕೆ 3 ಗಂಟೆ ಎಂದು ಮಿತಿ ಹಾಕಿತ್ತು. ಮಕ್ಕಳು ಅಪ್ಪನ ವಯಸ್ಸು ಕೊಟ್ಟು ಒಳಗೆ ಹೋದರೆ ಆ ಮಿತಿ ಕೆಲಸ ಮಾಡುವುದಿಲ್ಲ. ಖಾತೆಯಲ್ಲಿ ಯಾರ ವಯಸ್ಸಿದೆ, ನೋಡಿ. ನನ್ನ ಕೇಳಿದರೆ ಶಾಲೆಯ ದಿನಗಳಲ್ಲಿ ಮೂರು ಗಂಟೆಯೂ ಬಹಳ ಹೆಚ್ಚು, ಎರಡು ಪಂದ್ಯ ಸಾಕು.

ಪಾಳಿ ಆಟಕ್ಕೆ ಮಾತ್ರ ಮನೆಯಲ್ಲಿ ಧಾರಾಳವಾಗಿ ಜಾಗ ಕೊಡಿ. ಅದು ಕರೆದಾಗ ನಿಲ್ಲುತ್ತದೆ, ಮರಳಿ ಬಂದಾಗ ಹಾಗೇ ಇರುತ್ತದೆ. ಲಿಚೆಸ್ ಎಂಬ ಆನ್‌ಲೈನ್ ತಾಣದಲ್ಲಿ ಚದುರಂಗ ಆಡಲು ದುಡ್ಡಿಲ್ಲ, ಜಾಹೀರಾತಿಲ್ಲ. ಒಂದು ನಡೆಗೆ ಮೂರು ದಿನ ಎಂದು ಅವಧಿ ಇಟ್ಟುಕೊಂಡೂ ಆಡಬಹುದು. ನನ್ನ ಮಗ ಮತ್ತು ಕಿಕ್ಕೇರಿಯ ಹುಡುಗ ಹಾಗೆ ಆಡುವ ಒಂದು ಆಟ ಯುಗಾದಿಗೆ ಶುರುವಾದದ್ದು ಇನ್ನೂ ಮುಗಿದಿಲ್ಲ. ರಾಜ್ಯ ಕಟ್ಟುವ ಆಟ ಬೇಕೆಂದರೆ ಯೂನ್‌ಸಿವ್ ಇದೆ, ಅದೂ ಉಚಿತ, ಹಳೆಯ ಫೋನಿನಲ್ಲೂ ನಡೆಯುತ್ತದೆ. ಹೆಣ್ಣುಮಕ್ಕಳಿಗೂ ಇದನ್ನು ಕೊಡಿ. ಗಂಡುಮಕ್ಕಳಿಗೆ ಫೋನು, ಹೆಣ್ಣುಮಕ್ಕಳಿಗೆ ಪಾತ್ರೆ ಎಂಬುದು ನಮ್ಮ ಕಡೆ ಇನ್ನೂ ಹೋಗಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ನೀವೂ ಕೂತು ಆಡಿ. ನಾನು ಮಗನ ಸ್ಕ್ವಾಡಿನಲ್ಲಿ ಒಂದು ಸಲ ಆಡಿದೆ, ಬೇಗ ಸತ್ತೆ, ಮೂವರು ಹುಡುಗರು ನನ್ನನ್ನು ಬದುಕಿಸಲು ಓಡಿ ಬಂದರು. ಆ ಮಕ್ಕಳ ದನಿಯಲ್ಲಿದ್ದ ಕಾಳಜಿ ಕೇಳಿದ ಮೇಲೆ ಅವರ ಬಗ್ಗೆ ಹಗುರವಾಗಿ ಮಾತಾಡಲು ನನ್ನಿಂದಾಗಿಲ್ಲ. ಆಮೇಲೆ ನಾನು ಚೌಕಾಬಾರ ಬರೆದೆ, ಅವನು ಕೂತ. ಮೊದಲ ವಾರ "ಬೋರು" ಅಂದ. ಅವರಜ್ಜಿ ಅವನ ಮೂರು ಕಾಯಿ ಒಂದೇ ಪಾಳಿಯಲ್ಲಿ ಕಡಿದ ದಿನದಿಂದ ಬೋರು ಅಂದಿಲ್ಲ.

ಶಾಲೆಯ ಮೇಷ್ಟ್ರುಗಳಲ್ಲಿ, ಗ್ರಾಮ ಪಂಚಾಯಿತಿ ಸದಸ್ಯರಲ್ಲಿ ನೀವೇ ಹೋಗಿ ಕೇಳಬೇಕಾದ್ದೂ ಒಂದಿದೆ. ಪಂಚಾಯಿತಿ ಗ್ರಂಥಾಲಯದ, ಅಂದರೆ ಅರಿವು ಕೇಂದ್ರದ, ಜಗಲಿಯ ಮೇಲೆ ಒಂದು ಚೌಕಾಬಾರ, ಒಂದು ಆಡು-ಹುಲಿ ಹಾಸು ಬಣ್ಣದಲ್ಲಿ ಬರೆಸಿಕೊಡಲು ಹೇಳಿ, ಎರಡು ಚದುರಂಗದ ಮಣೆ ಇಡಲು ಹೇಳಿ. ದೊಡ್ಡ ಖರ್ಚಲ್ಲ. ಬೇಸಿಗೆ ರಜೆಗೆ ಮೊದಲೇ ಆಗಬೇಕು.

ನಮ್ಮ ಹಿರಿಯರು ಶಿವರಾತ್ರಿಯ ಜಾಗರಣೆಗೆ ಪಗಡೆ, ಚೌಕಾಬಾರ ಹಾಸುತ್ತಿದ್ದರು. ಬರುವ ಶಿವರಾತ್ರಿಗೆ ಬೆಳ್ಳೂರು, ಕಿಕ್ಕೇರಿ, ಗಂಜಾಮಿನ ಆ ಮೂವರು ಹುಡುಗರನ್ನೂ ಅವರ ಅಪ್ಪ-ಅಮ್ಮಂದಿರನ್ನೂ ನಮ್ಮ ಮನೆಗೆ ಕರೆದಿದ್ದೇವೆ. ನಿಮ್ಮ ಮಕ್ಕಳ ಸ್ಕ್ವಾಡಿನಲ್ಲಿ ಯಾರಿದ್ದಾರೆ ಎಂದು ಇಂದೇ ಕೇಳಿ, ಅವರನ್ನು ನಿಮ್ಮ ಜಗಲಿಗೆ ಕರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಪಾಂಡವಪುರ ತಾಲ್ಲೂಕಿನ ಒಬ್ಬ ತಂದೆ